ಎರಡು ರ‍್ಯಾಕು, ಮೇಲೊಂದು ಬಾಗಿಲು

ರೆಡಿಮೇಡ್ ರ‍್ಯಾಕ್ ಎರಡಿಟ್ಟು ಮೇಲೆ ಪ್ಲೈವುಡ್ ಹಾಕಿದ್ರೆ ಬಟ್ಟೆ ಕಟಿಂಗ್ ಟೇಬಲ್ ರೆಡಿ ಅಂತ ಬರ್ದಿದೀರಲ್ಲ ಮೇಡಂ, ನಾನೂ ಹೆಚ್ಚುಕಮ್ಮಿ ಅದನ್ನೇ ಮಾಡಿದ್ದು, ಆದ್ರೆ ಎತ್ತರದ ವಿಷ್ಯ ನೀವು ಹೇಳ್ಲೇ ಇಲ್ಲ. ಐಕಿಯಾ ಅಂಗಡಿಯ ಕಾಲಾಕ್ಸ್ ಅನ್ನೋ ಚೌಕದ ಗೂಡಿನ ಶೆಲ್ಫ್ ಮಲಗಿಸಿಟ್ರೆ 77 ಸೆಂಟಿಮೀಟರ್, ಅಂದ್ರೆ ಊಟದ ಟೇಬಲ್ ಥರ 30 ಇಂಚು, ಅದ್ರ ಮೇಲೆ ಬಗ್ಗಿ ನಾಲ್ಕು ಬ್ಲೌಸ್ ಕಟ್ ಮಾಡಿ ನೋಡಿ, ಸಾಯಂಕಾಲಕ್ಕೆ ಸೊಂಟ ಇರಲ್ಲ. ನಂಗೆ 36 ಇಂಚು ಸರಿಹೋಯ್ತು.

ಇನ್ನೊಂದು, ನಮ್ಮ ಸಕಲೇಶಪುರದ ಮಳೆಗಾಲದಲ್ಲಿ ನೆಲ ಬೆವರುತ್ತೆ, ಮರದ ಪುಡಿ ಅಂಟಿಸಿ ಮಾಡಿರೋ ಪಾರ್ಟಿಕಲ್ ಬೋರ್ಡ್ ತಳ ನೀರು ಹೀರ್ಕೊಂಡು ಮಂಡಕ್ಕಿ ಥರ ಉಬ್ಬುತ್ತೆ (ಮೊದಲನೇ ರ‍್ಯಾಕ್ ಹಂಗೇ ಹೋಯ್ತು). ಅದಕ್ಕೆ ಕೆಳಗೆ ಸಿಲ್ವರ್ ಓಕ್ ಮರದ ತುಂಡು ಕೊಟ್ಟು ಎತ್ತರಿಸ್ದೆ, ಎತ್ತರನೂ ಬಂತು ತೇವನೂ ತಪ್ತು. ಸಿಲ್ವರ್ ಓಕ್‌ಗೆ ಹುಳದ ಔಷಧಿ ಬಳ್ದ ಮೇಲೇ ಹಾಕಿ, ಇಲ್ಲಾಂದ್ರೆ ಹುಳ ಕೊರೆದು ಪುಡಿ ಉದುರ್ತಾ ಇರುತ್ತೆ.

ಮೇಲಕ್ಕೆ ಪ್ಲೈ ಬದ್ಲು 7 ಅಡಿ ಉದ್ದ 3 ಅಡಿ ಅಗಲದ ರೆಡಿಮೇಡ್ ಫ್ಲಶ್ ಡೋರ್ (ಎರಡೂ ಕಡೆ ಸಪಾಟಾಗಿರೋ ಬಾಗಿಲು) ಹಾಕಿದೀನಿ, ನಡುವೆ ಬಾಗಲ್ಲ. ಕಾಟನ್ ಬಟ್ಟೆ 44 ಇಂಚು ಪನ್ನ (ಅಗಲ), ಮಡಚಿದ್ರೆ 22, ಆರಾಮಾಗಿ ಹಿಡಿಯುತ್ತೆ. ಪ್ಲೈನೇ ಬೇಕು ಅಂದ್ರೆ ಐಎಸ್ 710 (ಮರೈನ್ ಪ್ಲೈ) ಗುರುತು ನೋಡಿ ತಗೊಳಿ, ನೀರಿಗೆ ತಡೆಯುತ್ತೆ. ಮೇಲೆ ಅಂಟಿಸೋ ಸನ್‌ಮೈಕಾ ಅಂಚಿಗೆ ಮಾತ್ರ ಚೆನ್ನಾಗಿ ಉಜ್ಜುಕಾಗದ ಹಾಕ್ಸಿ, ನಮ್ಮ ಬಡಗಿ ಮರ್ತು, ಗಿರಾಕಿಯೊಬ್ರ ರೇಷ್ಮೆ ಸೀರೆ ಎಳೆ ಸಿಕ್ಕಾಕ್ಕೊಂಡು ನಾನು ಬೈಸ್ಕೊಂಡೆ.