ಮದುವೆಯಾದ ಮೇಲೆ ಪಾಲಿಸಿಯನ್ನೊಮ್ಮೆ ತೆಗೆದು ನೋಡಿ

ಮೊದಲ ಕೆಲಸ ಸಿಕ್ಕ ವರ್ಷ, ಮಾರ್ಚ್ ತಿಂಗಳಲ್ಲಿ ಟ್ಯಾಕ್ಸ್ ಉಳಿಸೋಕೆ ಅಂತ ಒಂದು ಜೀವವಿಮಾ ಪಾಲಿಸಿ ಮಾಡಿಸ್ತೀವಿ. ಫಾರಂ ತುಂಬೋದು ಪರಿಚಯದ ಏಜೆಂಟು. "ನಾಮಿನಿ ಯಾರು?" ಅಂತಾರೆ, "ಅಮ್ಮನ ಹೆಸರು ಹಾಕಿ ಸಾರ್" ಅಂತೀವಿ. ಬಾಂಡು ಬೀರು ಸೇರುತ್ತೆ. ಆಮೇಲೆ ಮದುವೆ, ಮಗು. ರೇಷನ್ ಕಾರ್ಡಿಗೆ ಹೆಸರು ಸೇರಿಸೋಕೆ ನಾಲ್ಕು ಕಡೆ ಅಲೀತೀವಿ, ಆ ಬಾಂಡನ್ನು ಮಾತ್ರ ಯಾರೂ ಬಿಚ್ಚಿ ನೋಡಲ್ಲ.

ಇದೇ ಥರದ ಒಂದು ಪ್ರಕರಣ ಈಚೆಗೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ತೀರ್ಮಾನ ಆಯ್ತು. ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದ ಮಗ, ಅದನ್ನು ಬದಲಾಯಿಸದೇ ತೀರಿಹೋದ. ಹಿಂದೆ ಹೆಂಡತಿ, ಪುಟ್ಟ ಮಗು. ಅತ್ತೆ ಸೊಸೆ ಕೋರ್ಟು ಹತ್ತಿದರು. ನಾಮಿನಿ ಅಂದ ಮಾತ್ರಕ್ಕೆ ದುಡ್ಡು ಪೂರ್ತಿ ಅವರದ್ದಾಗಲ್ಲ, ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಅಂತ ತೀರ್ಪು ಬಂತು. 1983ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ನಾಮಿನಿ ಹಣ ಪಡೆದುಕೊಳ್ಳುವವರು, ಹಕ್ಕು ವಾರಸುದಾರರದ್ದು. ವಿಮಾ ಕಾಯ್ದೆಗೆ ಬಂದ 2015ರ ತಿದ್ದುಪಡಿ ಅಪ್ಪ ಅಮ್ಮ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರಿಗೇ ಅನ್ನುವ ಹಾಗೆ ಬರೆದಿದ್ದರೂ, ಈ ಬಗ್ಗೆ ಕೋರ್ಟುಗಳಲ್ಲಿ ವಾದ ಮುಗಿದಿಲ್ಲ.

ನನಗೆ ಸಂಕಟ ಆಗೋದು ತೀರ್ಪಿನ ಬಗ್ಗೆ ಅಲ್ಲ. ಒಂದೇ ಸಾವಿಗೆ ಅತ್ತ ಇಬ್ಬರು ಹೆಂಗಸರು ವರ್ಷಗಟ್ಟಲೆ ಎದುರುಬದುರು ವಕೀಲರನ್ನಿಟ್ಟುಕೊಂಡು ಕೂತರಲ್ಲ, ಅದಕ್ಕೆ. ಪಾಲಿಸಿದಾರ ಬದುಕಿದ್ದಾಗ ಅರ್ಧ ದಿನ ರಜೆ ಹಾಕಿ ಬ್ರ್ಯಾಂಚಿಗೆ ಹೋಗಿ ಒಂದು ಫಾರಂ ಕೊಟ್ಟಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು.

ಹಾಗಂತ ಅಮ್ಮನ ಹೆಸರು ಹೊಡೆದು ಹೆಂಡತಿಯದ್ದೊಂದೇ ಬರೆಯಿರಿ ಅಂತ ನಾನು ಹೇಳಲ್ಲ. ಮಗನ ದುಡಿಮೆಯನ್ನೇ ನಂಬಿದ ತಾಯಂದಿರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇಬ್ಬರ ಹೆಸರೂ ಬರೆದು ಯಾರಿಗೆ ಶೇಕಡಾ ಎಷ್ಟು ಅಂತ ಹಾಕಬಹುದು. ಹಾಕಿ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿ. ಅಪ್ಪನಿಗೂ ಏನಾದರೂ ಸೇರಬೇಕು ಅಂತಿದ್ದರೆ ವಿಲ್ ಬರೆದಿಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡುಮಗ ತೀರಿಕೊಂಡರೆ ತಾಯಿ ಮೊದಲ ದರ್ಜೆಯ ವಾರಸುದಾರಳು, ತಂದೆ ಎರಡನೇ ದರ್ಜೆ, ಅಂದ್ರೆ ಮೊದಲ ದರ್ಜೆಯವರಿದ್ದರೆ ಅವರಿಗೆ ಪಾಲಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ನಾಮಿನಿ 18 ತುಂಬದ ಮಗುವಾದರೆ ಅಪಾಯಿಂಟೀ, ಅಂದ್ರೆ ಮಗುವಿನ ಪರವಾಗಿ ಹಣ ಪಡೆಯುವವರ ಹೆಸರು ಬೇಕು. ಅಲ್ಲಿ ಅಭ್ಯಾಸಬಲದಿಂದ ಅಣ್ಣನದ್ದೋ ಭಾವನದ್ದೋ ಬರೆದುಬಿಡ್ತಾರೆ. ಮಗುವನ್ನು ಸಾಕುವವಳು ಅದರ ತಾಯಿ. ಬಲವಾದ ಕಾರಣ ಇಲ್ಲದಿದ್ದರೆ ಅವಳ ಹೆಸರೇ ಇರಲಿ.

ಇನ್ನು ಅಂಗಡಿ, ವ್ಯಾಪಾರ ಅಂತ ಸಾಲ ಮಾಡಿರುವ ಗಂಡಸರಿಗೆ ಒಂದು ಮಾತು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಪ್ರಕಾರ ನಿಮ್ಮ ಜೀವದ ಮೇಲೆ, ಹೆಂಡತಿ ಮಕ್ಕಳಿಗಾಗಿ ಅಂತ ಬರೆಸಿ ಪಾಲಿಸಿ ಮಾಡಿಸಿದರೆ ಅದು ಅವರ ಪಾಲಿನ ಟ್ರಸ್ಟ್ ಆಗುತ್ತೆ, ಅಂದ್ರೆ ಹಣ ಅವರಿಗೆಂದೇ ಮೀಸಲು. ಸಾಲ ಕೊಟ್ಟವರನ್ನು ವಂಚಿಸೋಕೆ ಮಾಡಿಸಿದ್ದಲ್ಲದಿದ್ದರೆ, ಅವರು ಆ ಹಣದ ಮೇಲೆ ಕೈ ಇಡೋಕಾಗಲ್ಲ. ಹಳೇ ಪಾಲಿಸಿಗೆ ಇದನ್ನು ಆಮೇಲೆ ಸೇರಿಸೋಕೆ ಬರಲ್ಲ, ಒಮ್ಮೆ ಬರೆದ ಹೆಸರನ್ನು ನಿಮ್ಮಿಷ್ಟಕ್ಕೆ ಬದಲಾಯಿಸೋಕೂ ಆಗಲ್ಲ. ಹೊಸ ಪಾಲಿಸಿಗೆ ಸಹಿ ಹಾಕುವ ಮುಂಚೆಯೇ ಏಜೆಂಟರನ್ನು ಕೇಳಿ.