ಸೋಮವಾರ ಗೌರಿ ಏಳೋದಿಲ್ಲ

ಪೂರ್ತಿ ಕೆಟ್ಟುಹೋದ ಕಾರನ್ನ ಹೇಗೋ ಸಹಿಸ್ಕೋಬಹುದು. ಒಮ್ಮೊಮ್ಮೆ ಮಾತ್ರ ಕೆಡೋ ಕಾರಿದೆಯಲ್ಲ, ಅದರ ಜೊತೆ ಸಂಸಾರ ಮಾಡಿದವರಿಗೇ ಗೊತ್ತು ಆ ಕಷ್ಟ. ನನ್ನೆದುರು ಟಿಕ್ ಅಂತ ಒಂದು ಸದ್ದು ಮಾಡಿ ಸುಮ್ಮನಾಗತ್ತೆ, ಮೆಕ್ಯಾನಿಕ್ ಬಂದು ಕೀ ಮುಟ್ಟಿದ ತಕ್ಷಣ ಹೊಸ ಸೊಸೆ ಥರ ತಲೆತಗ್ಗಿಸಿ ಒಂದೇ ಸಲಕ್ಕೆ ಸ್ಟಾರ್ಟ್ ಆಗತ್ತೆ. ಅವನು ನನ್ನನ್ನ ನೋಡೋ ನೋಟ ಇದೆ ನೋಡಿ, ಅದಕ್ಕಿಂತ ಕಾರು ತುಂಗಾ ಹೊಳೆಗೆ ಬಿದ್ದಿದ್ರೇ ವಾಸಿ ಅನ್ಸತ್ತೆ.

ಕಾರಿನ ಹೆಸರು ಗೌರಿ. 2006ರ ಗೌರಿ ಹಬ್ಬದ ದಿನ ಮನೆಗೆ ಬಂದಿದ್ದಕ್ಕೆ ಅಮ್ಮ ಇಟ್ಟ ಹೆಸರು. ಕಂಪನಿ ಇಟ್ಟ ಹೆಸರು ಬೇರೆ ಇದೆ, ಅದು ನಮ್ಮನೇಲಿ ಯಾರ ಬಾಯಲ್ಲೂ ಬರಲ್ಲ. 2021ರಲ್ಲಿ ಹದಿನೈದು ತುಂಬಿತು, ಶಿವಮೊಗ್ಗ ಆರ್‌ಟಿಒದಲ್ಲಿ ಫಿಟ್‌ನೆಸ್ ತೋರಿಸಿ ಇನ್ನೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸ್ಕೊಂಡು ಬಂದ್ವಿ. ಅವತ್ತೂ ಕೀ ತಿರುಗಿಸಿದ ಒಂದೇ ಸಲಕ್ಕೆ ಎದ್ದಿದ್ಲು. ಹೊರಗಿನವರ ಎದುರು ಮರ್ಯಾದೆ ಕಾಪಾಡೋ ಗುಣ ಅವಳಿಗೆ ಮೊದಲಿಂದಲೂ ಇದೆ.

ಹೋದ ಮಳೆಗಾಲದಿಂದ ಶುರುವಾಗಿದ್ದು ಇದು. ಎಂಟೂವರೆಗೆ ಸ್ಕೂಲಿಗೆ ಹೊರಡಬೇಕು, ಬ್ಯಾಗಲ್ಲಿ ಮೂವತ್ತೆಂಟು ಮಕ್ಕಳ ಟೆಸ್ಟ್ ಪೇಪರ್, ಕೀ ತಿರುಗಿಸಿದ್ರೆ ಟಿಕ್. ಡ್ಯಾಶ್‌ಬೋರ್ಡ್ ಲೈಟೆಲ್ಲ ಒಂದ್ಸಲ ಮಂಕಾಗಿ ಮತ್ತೆ ಬರತ್ತೆ. ಇನ್ನೊಂದ್ಸಲ ಟಿಕ್. ಸಂಜೆ ಹೊತ್ತಿಗೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸರಿಹೋಗಿರತ್ತೆ. ಇದರ ಜೊತೆ ಬೇರೆ ಚೇಷ್ಟೆಗಳು: ಬ್ರೇಕ್ ಒತ್ತಿದ್ರೆ ಟೆಂಪರೇಚರ್ ಮುಳ್ಳು ಮೇಲೇಳತ್ತೆ, ಹೆಡ್‌ಲೈಟ್ ಹಾಕಿದ್ರೆ ಇಂಡಿಕೇಟರ್ ತನ್ನಷ್ಟಕ್ಕೆ ಕಣ್ಣು ಮಿಟುಕಿಸತ್ತೆ, ಕ್ಲಚ್ ಬೇರೆ ಗಟ್ಟಿ.

ನಾನು ಹೈಸ್ಕೂಲಲ್ಲಿ ವಿಜ್ಞಾನ ಟೀಚರ್. ಹತ್ತನೇ ಕ್ಲಾಸಿಗೆ ಓಮ್‌ನ ನಿಯಮ ಹೇಳ್ಕೊಡೋಳು. ದಯವಿಟ್ಟು ಇದನ್ನ ನೆನಪಿಟ್ಕೊಂಡು ಮುಂದೆ ಓದಿ, ಯಾಕಂದ್ರೆ ಗ್ಯಾರೇಜಲ್ಲಿ ಇದು ಯಾರಿಗೂ ನೆನಪಿರಲ್ಲ. ಪ್ರಶ್ನೆ ಕೇಳೋದು ನಾನು, ಅವರು ಉತ್ತರ ಹೇಳೋದು ಪಕ್ಕದ ಸ್ಟೂಲಲ್ಲಿ ಕೂತಿರೋ ಅಪ್ಪಂಗೆ. "ಬ್ಯಾಟರಿ ವೀಕ್ ಯಜಮಾನ್ರೇ." ಹಾಕಿಸಿದ್ವಿ, 4,600. "ಸೆಲ್ಫ್ ಮೋಟರ್ ಕಾರ್ಬನ್ ಸವೆದಿದೆ." 1,500. "ಇಗ್ನಿಷನ್ ಸ್ವಿಚ್ಚೇ ಇರ್ಬೇಕು." 1,100. ಕ್ಲಚ್ ಕೇಬಲ್ 900, ಒಂದು ರಿಲೇ 150. ಇಲಿ ವೈರ್ ಕಡಿದಿರಬಹುದು ಅಂತ ಪಕ್ಕದ ಮನೆಯವರು ಹೇಳಿದ್ರು, ಬಾನೆಟ್ ಒಳಗೆ 40 ರೂಪಾಯಿ ಹೊಗೆಸೊಪ್ಪು ಇಟ್ವಿ, ಇಲಿ ಬಂತೋ ಇಲ್ವೋ ಗೊತ್ತಿಲ್ಲ, ಒಂದು ವಾರ ನಾನು ಮಾತ್ರ ಸ್ಟಾಫ್ ರೂಮಲ್ಲಿ ಬೀಡಿ ಅಂಗಡಿ ಥರ ವಾಸನೆ ಹೊಡೀತಿದ್ದೆ. ಒಟ್ಟು 8,290. ಟಿಕ್ ಹಾಗೇ ಇತ್ತು.

ಈಗ ಅಪ್ಪನ ಕ್ಯಾಲೆಂಡರ್ ವಿಷಯಕ್ಕೆ ಬರ್ತೀನಿ.

ನಮ್ಮ ಅಡುಗೆಮನೆ ಬಾಗಿಲ ಹಿಂದೆ ಪಂಚಾಂಗದ ದೊಡ್ಡ ಕ್ಯಾಲೆಂಡರ್ ಇದೆ, ಪಕ್ಕದಲ್ಲಿ ದಾರ ಕಟ್ಟಿದ ನೀಲಿ ಪೆನ್ನು. ಅಪ್ಪ ರಿಟೈರ್ ಆದ ಮೇಲೆ ಜಗತ್ತಿನ ಸಮಸ್ತ ವ್ಯವಹಾರ ಆ ಚೌಕಗಳಲ್ಲೇ ನಡೆಯೋದು. ಹಾಲು ಅರ್ಧ ಲೀಟರ್ ಜಾಸ್ತಿ ತಗೊಂಡಿದ್ದು, ಸಿಲಿಂಡರ್ ಬುಕ್ ಮಾಡಿದ್ದು, ಕೆಲಸದವಳು ಬರದ ದಿನ, ಬಿಪಿ ಎಷ್ಟು, ಯಾರು ಫೋನ್ ಮಾಡಿದ್ರು, ಯಾರು ಮಾಡ್ಲಿಲ್ಲ. ಜಾಗ ಸಾಲದೆ ಎಲ್ಲಕ್ಕೂ ಶಾರ್ಟ್ ಫಾರಂ. 'ಸಿ.ಬು.' ಅಂದ್ರೆ ಸಿಲಿಂಡರ್ ಬುಕ್. 'ಭಾ.ಫೋ.ಇ.' ಅಂದ್ರೆ ಭಾವನ ಫೋನ್ ಇಲ್ಲ, ಇದು ವಾರಕ್ಕೆರಡು ಸಲ ಬರತ್ತೆ, ಭಾವ ಬಂದಾಗ ಕ್ಯಾಲೆಂಡರ್ ತಿರುಗಿಸಿ ಹಾಕ್ತೀನಿ. ಕಾರು ಕೈಕೊಟ್ಟ ದಿನಕ್ಕೂ ಒಂದಿತ್ತು: 'ಗೌ.ನಿಂ.' ಗೌರಿ ನಿಂತಳು.

ಹೀಗೆ ನಾಲ್ಕು ತಿಂಗಳು ಬರೆದು ಒಂದು ರಾತ್ರಿ ಅಪ್ಪ ಕನ್ನಡಕ ಹಣೆಗೇರಿಸಿಕೊಂಡು, ಟೀವಿ ಮ್ಯೂಟ್ ಮಾಡಿ ತೀರ್ಪು ಕೊಟ್ರು. "ಪುಟ್ಟೀ, ಗೌರಿ ನಿಲ್ಲೋದು ಸೋಮವಾರ ಬೆಳಿಗ್ಗೆನೇ. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು. ನೀನು ಹೊರಡೋದು ಎಂಟೂವರೆ. ಇನ್ನೇನ್ ಬೇಕು?"

ಒಂದೊಂದು ಶೀಟಾಗಿ ನೋಡಿದೆ. ಒಟ್ಟು ಹದಿನೆಂಟು ಸಲ ಗೌ.ನಿಂ., ಅದರಲ್ಲಿ ಹದಿಮೂರು ಸೋಮವಾರ. ಹಾಗಾದ್ರೆ ಶುಕ್ರವಾರ ಹತ್ತೂವರೆಯ ರಾಹುಕಾಲದಲ್ಲಿ ಬ್ಯಾಂಕಿಗೆ ಹೋದಾಗ ಯಾಕೆ ನಿಲ್ಲಲ್ಲ ಅಂತ ಕೇಳಿದೆ. ಶುಕ್ರವಾರ ದೇವಿ ವಾರ, ಗೌರಿಗೆ ಅನ್ವಯಿಸಲ್ಲ ಅಂದ್ರು. ಇಂಥ ತರ್ಕದ ಎದುರು ಬಿ.ಎಡ್. ಮಾಡಿದವಳು ಏನು ಮಾಡ್ಲಿ? ಅವತ್ತಿಂದ ಶುರುವಾಯ್ತು. ಸೋಮವಾರ ನಾನು ಚಪ್ಪಲಿ ಹಾಕೋ ಹೊತ್ತಿಗೆ ಅಪ್ಪ ಜಗುಲಿ ಕಂಬಕ್ಕೆ ಒರಗಿ ವಾಚ್ ನೋಡ್ತಾ ನಿಂತಿರೋರು. ನಾನು ಕೀ ತಿರುಗಿಸ್ತೀನಿ, ಟಿಕ್, ಅಪ್ಪ ಏನೂ ಹೇಳಲ್ಲ, ಏನೂ ಹೇಳದೆ ಸೀದಾ ಒಳಗೆ ಹೋಗ್ತಾರೆ, ಪೆನ್ನಿನ ಕ್ಯಾಪ್ ತೆಗೆಯೋ ಸದ್ದು ಕಾರಲ್ಲಿ ಕೂತವಳಿಗೂ ಕೇಳತ್ತೆ! ಕಾರು ನಿಂತಿದ್ದಕ್ಕಿಂತ ಆ ಕ್ಯಾಪಿನ ಸದ್ದಿಗೇ ನಂಗೆ ಬಿಪಿ ಏರ್ತಿತ್ತು. ಒಂದು ಸೋಮವಾರವಂತೂ ನಾನು ಇನ್ನೂ ಕೀನೇ ಹಾಕಿಲ್ಲ, ಬೆಲ್ಟ್ ಹುಡುಕ್ತಿದ್ದೀನಿ, ಒಳಗಿಂದ ಕ್ಯಾಪ್ ಸದ್ದು.

ಆಮೇಲೆ ಸ್ಕೂಲಲ್ಲಿ ಒಂದು ಪ್ರಸಂಗ ಆಯ್ತು. ಮಧ್ಯಾಹ್ನ ಜೋರು ಮಳೆ, ಗೌರಿ ಗ್ರೌಂಡಲ್ಲಿ ನೆನೆದಿದ್ಲು, ಸಂಜೆ ಬೆಲ್ ಆದ್ಮೇಲೆ ನೋಡಿದ್ರೆ ಟಿಕ್. ಅದೇ ದಿನ ಹತ್ತನೇ ಕ್ಲಾಸಿಗೆ ರೋಧದ ಪಾಠ ಮುಗಿಸಿದ್ದೆ. ಹಿಂದಿನ ಬೆಂಚಿನ ಆರು ಹುಡುಗರು ಓಡಿಬಂದು ತಳ್ಳೋಕೆ ನಿಂತ್ರು, ಪಾಠದಲ್ಲಿ ಒಂದು ದಿನ ಬಾಯಿ ಬಿಡದೋನು "ಮಿಸ್, ಸೆಕೆಂಡ್ ಗೇರ್ ಹಾಕಿ, ನಾನು ಹೇಳಿದಾಗ ಕ್ಲಚ್ ಬಿಡಿ!" ಅಂತ ಕಮ್ಯಾಂಡ್ ಕೊಡ್ತಿದ್ದಾನೆ, ಎಚ್‌ಎಂ ಛತ್ರಿ ಹಿಡ್ಕೊಂಡು ವರಾಂಡದಲ್ಲಿ ನಿಂತು ನೋಡ್ತಿದ್ದಾರೆ, ಕೆಸರು ಹುಡುಗರ ಮುಖಕ್ಕೆಲ್ಲ. ಗೌರಿ ಕೆಮ್ಮಿ ಎದ್ಲು. ಚಪ್ಪಾಳೆ. ಹಿಂದಿನ ಬೆಂಚಿಂದ ನನಗೆ ಸಿಕ್ಕ ಮೊದಲ ಚಪ್ಪಾಳೆ ಅದು.

ಮನೆಗೆ ಬರ್ತಾ ಯೋಚನೆ ಹತ್ತಿತು. ತಳ್ಳಿದ್ರೆ ಎದ್ದೇಳತ್ತೆ ಅಂದ್ರೆ ಎಂಜಿನ್ ಸರಿಯಿದೆ, ಅದನ್ನ ತಿರುಗಿಸಿ ಎಬ್ಬಿಸೋ ಸೆಲ್ಫ್ ಮೋಟರಿಗೆ ಬೇಕಾದಷ್ಟು ಕರೆಂಟೇ ಮುಟ್ತಿಲ್ಲ. ಸಾಗರ ರಸ್ತೆ ಕಡೆಯ ಹಳೇ ಎಲೆಕ್ಟ್ರಿಷಿಯನ್ ಭಾಯ್ ಒಬ್ಬರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ್ರು: "ಬ್ರೇಕ್ ಒತ್ತಿದ್ರೆ ಟೆಂಪರೇಚರ್ ಮುಳ್ಳು ಏರತ್ತಾ ಮೇಡಂ? ಹಂಗಾದ್ರೆ ಅರ್ಥ್ ಆಗ್ತಿಲ್ಲ." ಸ್ಪೀಕರಲ್ಲಿ ಕೇಳಿಸ್ಕೊಂಡ ಅಪ್ಪ, "ನಮಗೂ ಅರ್ಥ ಆಗ್ತಿಲ್ಲ, ಅದಕ್ಕೇ ನಿಮಗೆ ಫೋನ್ ಮಾಡಿದ್ದು" ಅಂದ್ರು.

ಅರ್ಥ್ ಅಂದ್ರೆ ಇಷ್ಟೇ: ಬ್ಯಾಟರಿ ಮೈನಸ್ಸಿಂದ ಒಂದು ದಪ್ಪ ವೈರು ಕಾರಿನ ಬಾಡಿಗೆ, ಎಂಜಿನ್ನಿಗೆ ಹೋಗತ್ತೆ. ಹೋದ ಕರೆಂಟೆಲ್ಲ ವಾಪಸ್ ಬರೋ ದಾರಿ ಅದು. ಅದು ಕೆಟ್ರೆ ಕರೆಂಟ್ ಸಿಕ್ಕ ಸಿಕ್ಕ ಸಂದಿಯಲ್ಲಿ ನುಗ್ಗತ್ತೆ, ಲೈಟಿಗೆ ಹೋಗಿದ್ದು ಮೀಟರಿನ ದಾರಿ ಹಿಡಿಯತ್ತೆ, ಎಂಜಿನ್ನಿಂದ ಬರಬೇಕಾದ್ದು ಕ್ಲಚ್ ಕೇಬಲ್ಲಿನ ಕಬ್ಬಿಣದ ಎಳೆ ಹಿಡಿದು ಬಂದು ಅದನ್ನೇ ಕಾಯಿಸತ್ತೆ. ಆ 900 ರೂಪಾಯಿ ಕಾರಣ ಅವತ್ತು ಗೊತ್ತಾಯ್ತು. ಆದ್ರೆ ಮೊದಲನೇ ಗ್ಯಾರೇಜಿನವನು ಇದೇ ವೈರಿಗೆ ಮಲ್ಟಿಮೀಟರ್ ಹಚ್ಚಿ ಬೀಪ್ ಅನ್ನಿಸಿ "ಅರ್ಥ್ ಪಕ್ಕಾ ಇದೆ ಯಜಮಾನ್ರೇ" ಅಂದಿದ್ದನಲ್ಲ? ಅಲ್ಲೇ ಇರೋದು ಮೋಸ. ಬೀಪಿಗೆ ಒಂದೇ ಒಂದು ಎಳೆ ತಾಗಿದ್ರೂ ಸಾಕು. ನಮ್ಮೂರ ಕಾಲುಸಂಕದ ಮೇಲೆ ಒಬ್ಬ ಮನುಷ್ಯ ಕೊಡೆ ಹಿಡ್ಕೊಂಡು ದಾಟಬಹುದು, ಮದುವೆ ದಿಬ್ಬಣ ದಾಟಕ್ಕಾಗತ್ತಾ? ಸೆಲ್ಫ್ ಹೊಡೆದಾಗ ನೂರು, ನೂರೈವತ್ತು ಆಂಪಿಯರ್ ದಿಬ್ಬಣವೇ ಬರತ್ತೆ. 0.02 ಓಮ್ ತುಕ್ಕಿದ್ರೂ ನೂರೈವತ್ತರಿಂದ ಗುಣಿಸಿ, 3 ವೋಲ್ಟ್ ಅಲ್ಲೇ ಖಾಲಿ, ಇರೋದೇ ಹನ್ನೆರಡು. ಹತ್ತನೇ ಕ್ಲಾಸಿನ ಲೆಕ್ಕ ಇದು. ವರ್ಷಾವರ್ಷ ಬೋರ್ಡ್ ಮೇಲೆ ಮಾಡ್ತಾ ಬಂದಿದ್ದೀನಿ.

ಟೆಸ್ಟ್ ಮಾಡ್ಬೇಕಂದ್ರೆ ಅದು ಕೈಕೊಟ್ಟಾಗಲೇ ಮಾಡ್ಬೇಕು, ಅಂದ್ರೆ ಸೋಮವಾರ. ಹಿಂದಿನ ಸಂಜೆ ಮಲ್ಟಿಮೀಟರ್ ರೆಡಿ ಮಾಡ್ಕೊಂಡು ಸುಮ್ನೆ ಕ್ಯಾಲೆಂಡರ್ ಮುಂದೆ ನಿಂತೆ. ಅದರಲ್ಲಿ ಭಾನುವಾರದ ಸಾಲು, ಅದರ ಕೆಳಗೇ ಸೋಮವಾರದ ಸಾಲು. ಎಲ್ಲೆಲ್ಲಿ ಗೌ.ನಿಂ. ಇದೆಯೋ ಅದರ ನೆತ್ತಿ ಮೇಲೆ, ಅದೇ ನೀಲಿ ಪೆನ್ನು, ಅದೇ ಕೈಬರಹ: 'ಕಾ.ತೊ.' 'ಕಾ.ತೊ.' 'ಕಾ.ತೊ.'

ಕಾರು ತೊಳೆದೆ.

ಹೊರಗೆ ಪೈಪಿನ ಸದ್ದು ಬರ್ತಾನೇ ಇತ್ತು. ಹೋಗಿ ನೋಡ್ತೀನಿ, ಅಪ್ಪ ಪಂಚೆ ಎತ್ತಿ ಕಟ್ಟಿ, ಬಾನೆಟ್ ತೆಗೆದು, ಎಂಜಿನ್ ಒಳಗೆ ನೀರು ಬಿಡ್ತಿದ್ದಾರೆ, ಹಸುವಿಗೆ ಮೈ ತೊಳೆಸೋ ಹಾಗೆ, ಮೂಲೆ ಮೂಲೆಗೂ. "ವಾರಪೂರ್ತಿ ಕೆಸರಲ್ಲಿ ಓಡಾಡತ್ತೆ ಪಾಪ." ರಾಹು ನಮ್ಮ ಜಗುಲಿಯಲ್ಲೇ ಪೈಪ್ ಹಿಡಿದು ನಿಂತಿದ್ದ. ನಾನು ಏನೂ ಹೇಳ್ಲಿಲ್ಲ. ಟೆಸ್ಟಿಗೆ ಒದ್ದೆ ಕಾರು ಬೇಕಿತ್ತಲ್ಲ.

ಬೆಳಿಗ್ಗೆ ಎಂಟೂಕಾಲು. ಒಂದು ಪ್ರೋಬ್ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ ಮೈಗೆ. ಸೆಲ್ಫ್ ಹೊಡೀರಿ ಅಪ್ಪಾ ಅಂದ್ರೆ ರಾಹುಕಾಲ ಮುಗೀಲಿ ಅಂತ ಕೂತ್ರು. ಹತ್ತು ನಿಮಿಷ ಜಗಳ. ಕೊನೆಗೆ ಗಣಪತಿ ಸ್ಮರಣೆ ಮಾಡಿ ತಿರುಗಿಸಿದ್ರು. ಟಿಕ್. ಅರ್ಧ ವೋಲ್ಟೂ ಇರಬಾರದ ಜಾಗದಲ್ಲಿ ಮೀಟರ್ 3.4 ತೋರಿಸ್ತು. ಜಂಪ್ ಕೇಬಲ್ಲಿನ ಕರೀ ವೈರ್ ಒಂದನ್ನೇ ಮೈನಸ್ಸಿಂದ ಎಂಜಿನ್ನಿಗೆ ಕಚ್ಚಿಸಿ ಇನ್ನೊಂದ್ಸಲ ಅಂದೆ, ಗೌರಿ ಘರ್ರ್ ಅಂತ ಎದ್ದು ಕೂತ್ಲು, ಅಪ್ಪ ಗಾಬರಿಯಲ್ಲಿ ಹಾರ್ನ್ ಹೊಡೆದ್ರು.

ಸಂಜೆ ಭಾಯ್ ಆ ವೈರ್ ಬಿಚ್ಚಿ ಕೈಗೆ ಕೊಟ್ರು. ಹೊರಗಿಂದ ಚೆನ್ನಾಗೇ ಇತ್ತು. ತುದಿಯ ಪ್ಲಾಸ್ಟಿಕ್ ಸೀಳಿದ್ರೆ ಒಳಗೆ ಹಸಿರು ಪುಡಿ, ತಾಮ್ರದ ಎಳೆಗಳು ಬೆರಳಲ್ಲಿ ಉದುರಿದ್ವು, ಗಟ್ಟಿ ಉಳಿದಿದ್ದು ಏಳೋ ಎಂಟೋ. ಒಣಗಿದ್ದಾಗ ಹೇಗೋ ಅಂಟ್ಕೊಂಡಿದ್ದು, ಒದ್ದೆಯಾದ್ರೆ ಕೈಬಿಡ್ತಿತ್ತು. ಹೊಸ ಸ್ಟ್ರಾಪ್ 180 ರೂಪಾಯಿ. ಕೂಲಿ ಕೇಳಿದ್ದಕ್ಕೆ "ಕಂಡುಹಿಡಿದಿದ್ದು ನೀವೇ ಅಲ್ವಾ ಮೇಡಂ" ಅಂದ್ರು. ಮೇಡಂ! ಯಜಮಾನ್ರು ಪಕ್ಕದಲ್ಲೇ ಕೂತಿದ್ರೂ!

ತುಕ್ಕು ಎಂದಿಂದ ಇರಬಹುದು ಅನ್ನೋ ಕುತೂಹಲಕ್ಕೆ ಬೀರು ಮೇಲೆ ಸುತ್ತಿಟ್ಟ ಹಳೇ ಕ್ಯಾಲೆಂಡರ್‌ಗಳನ್ನ ಬಿಚ್ಚಿದೆ. 2018ರ ಆಗಸ್ಟಲ್ಲಿ ಒಂದು ಚೌಕದಲ್ಲಿ ಶಾರ್ಟ್ ಫಾರಂ ಇಲ್ಲದೆ, ಪಕ್ಕದ ದಿನದ ಜಾಗವನ್ನೂ ಒತ್ತುವರಿ ಮಾಡಿ ಬರೆದಿತ್ತು: 'ಗೌರಿ ಪಂಕ್ಚರ್, ಮಂಡಗದ್ದೆ. 1 ಗಂಟೆ. ಹೊಳೆ ನಡುವೆ ಮರದ ತುಂಬ ಹಕ್ಕಿ. ಇವಳಿಗೆ ಖುಷಿ.' ಅಮ್ಮ ಹೋಗಿ ಮೂರು ವರ್ಷ ಆಯ್ತು. ಮತ್ತೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಅಲ್ಲೇ ಇಟ್ಟೆ.

ನಿನ್ನೆ ಅಪ್ಪ ಮತ್ತೆ ಕಾರು ತೊಳೆದ್ರು. ಬಾನೆಟ್ ತೆಗೀಬೇಡಿ ಅಂದಿದ್ದೆ, ತೆಗೆದಿದ್ರು. ಇವತ್ತು ಸೋಮವಾರ, ಎಂಟೂವರೆ, ಅಪ್ಪ ಕಂಬಕ್ಕೆ ಒರಗಿದ್ರು. ಕೀ ತಿರುಗಿಸಿದೆ. ಮೊದಲನೇ ಸಲಕ್ಕೇ. ನಾನು ಕಿಟಕಿಯಿಂದ ಅವರ ಮುಖ ನೋಡಿದೆ, ಅವರು ವಾಚ್ ನೋಡಿದ್ರು, ಆಕಾಶ ನೋಡಿದ್ರು. "ಸೂರ್ಯೋದಯದ ಮೇಲೆ ಲೆಕ್ಕ ಪುಟ್ಟೀ ರಾಹುಕಾಲ. ಐದು ಹತ್ತು ನಿಮಿಷ ಆಚೀಚೆ ಆಗತ್ತೆ" ಅಂದು ಒಳಗೆ ಹೋದ್ರು. ಕ್ಯಾಪಿನ ಸದ್ದು.

ಸಂಜೆ ಬಂದು ಬಾಗಿಲ ಹಿಂದೆ ಹೋಗಿ ನೋಡಿದೆ. 'ಗೌ.ಎ.' ಅಂತ ಬರೆದಿದ್ದಾರೆ, ಗೌರಿ ಎದ್ದಳು. ಪಕ್ಕದಲ್ಲಿ ಸಣ್ಣದಾಗಿ ಒಂದು ಪ್ರಶ್ನಾರ್ಥಕ ಚಿಹ್ನೆ.