ಚಿತ್ರ ಗೋಡೆಯಲ್ಲಿದೆ, ಕಾಗದ ಗುಜರಿಗೆ ಹೋಯ್ತು

ಕರಾವಳಿಯ ಕಲಾವಿದರ ಬಗ್ಗೆ ಯಾರಾದರೂ ಲೇಖನ ಬರೆಯಲು ಕೂತರೆ ಮೊದಲ ಹೆಸರಿಗೆ ತಡಕಾಡಬೇಕಾಗಿಲ್ಲ. ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರಿಂದ ಶುರು. 1911ರಲ್ಲಿ ಹುಟ್ಟಿದ್ದು, ಮುಂಬೈಗೆ ಹೋಗಿದ್ದು, ದೊಡ್ಡ ಹೆಸರು ಮಾಡಿದ್ದು, ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿ ಆಗಿದ್ದು. ಎಲ್ಲ ಬೇಕಾದದ್ದೇ. ಅವರ ಮಗಳು ರೇಖಾ ರಾವ್ ಕೂಡ ಚಿತ್ರ ಕಲಾವಿದೆ ಅಂತ ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತು? ಆಮೇಲೆ ಲೇಖನ ಮುಗಿಯುವ ಹೊತ್ತಿಗೆ ಒಂದು ಸಾಲು ಬರುತ್ತದೆ: "ಅನೇಕ ಮಹಿಳೆಯರೂ ಈ ಕ್ಷೇತ್ರದಲ್ಲಿ ತಮ್ಮನ್ನು ತೊಡಗಿಸಿಕೊಂಡಿದ್ದಾರೆ." ಅಷ್ಟೇ. ಹೆಸರಿಲ್ಲ, ಊರಿಲ್ಲ, ಇಸವಿ ಇಲ್ಲ.

ಬರೆದವರನ್ನು ಬೈಯುವುದು ಸುಲಭ. ಆದರೆ ಅವರಾದರೂ ಎಲ್ಲಿಂದ ತರಬೇಕು ಮಾರಾಯ್ರೇ? ಹೆಸರು ಹಾಕಬೇಕಾದರೆ ಆಧಾರ ಬೇಕು. ಒಂದು ಆಹ್ವಾನ ಪತ್ರಿಕೆ, ಒಂದು ಕ್ಯಾಟಲಾಗು, ಪೇಪರಿನ ಒಂದು ತುಂಡು. ನಮ್ಮ ಹೆಣ್ಮಕ್ಕಳು ಚಿತ್ರ ಬಿಡಿಸಲಿಲ್ಲ ಅಂತಲ್ಲ. ಬಿಡಿಸಿದ್ದಕ್ಕೆ ಸಾಕ್ಷಿಯಾದ ಕಾಗದ ಉಳಿಯಲಿಲ್ಲ. ಈ ಎರಡು ಬೇರೆ ಬೇರೆ ವಿಷಯ. ಮೊದಲನೆಯದು ನಿಜ ಅಂತ ಎಲ್ಲರೂ ನಂಬಲು ಎರಡನೆಯದೇ ಕಾರಣ.

ರವಿವರ್ಮನ ವಿಷಯ ತೆಗೆದುಕೊಳ್ಳಿ. ಲಕ್ಷ್ಮಿ, ಸರಸ್ವತಿಯ ಅವನ ಪ್ರಿಂಟುಗಳು ನಮ್ಮ ಅಜ್ಜಿ ಮನೆಗಳ ಚಾವಡಿಯಲ್ಲಿ ಚೌಕಟ್ಟು ಹಾಕಿಸಿಕೊಂಡು ಇದ್ದವು. ಅವನ ತಮ್ಮ ಸಿ. ರಾಜರಾಜ ವರ್ಮ ಕೂಡ ಕಲಾವಿದ, ಅಣ್ಣನ ಜೊತೆ ಊರೂರು ತಿರುಗಿದವನು. ಅವನು ಬರೆದ ಡೈರಿ ಉಳಿಯಿತು, ಪುಸ್ತಕವಾಗಿ ಅಚ್ಚೂ ಆಯಿತು. ರವಿವರ್ಮ ಎಲ್ಲಿ ಉಳಿದುಕೊಂಡ, ಯಾವ ರಾಜ ಯಾವ ಚಿತ್ರ ಬರೆಸಿದ ಅನ್ನುವುದನ್ನೆಲ್ಲ ಇವತ್ತು ಹೇಳಲು ಆಗುವುದರಲ್ಲಿ ಆ ಡೈರಿಯ ಪಾಲು ದೊಡ್ಡದು. ಇವರಿಗೆ ಒಬ್ಬ ತಂಗಿಯೂ ಇದ್ದಳು, ಮಂಗಳಾಬಾಯಿ ತಂಬುರಾಟ್ಟಿ. ಅವಳೂ ಚಿತ್ರ ಬರೆಯುತ್ತಿದ್ದಳು, ಅಣ್ಣನ ಭಾವಚಿತ್ರವನ್ನೂ ಬರೆದಿದ್ದಾಳೆ. ಒಂದೇ ಮನೆ, ಒಂದೇ ಬಣ್ಣದ ಪೆಟ್ಟಿಗೆ. ಆದರೆ ತಂಗಿಯ ಬಗ್ಗೆ ಸಿಗುವುದು ನಾಲ್ಕೈದು ಸಾಲು.

ಇನ್ನು ಚಿತ್ರ ಕಲಾವಿದೆ ಅಮೃತಾ ಶೇರ್ ಗಿಲ್. ಬರೀ 28 ವರ್ಷ ಬದುಕಿದವಳು. ಅವಳು ಬದುಕಿದ್ದಾಗಲೇ, ಮನೆಯಲ್ಲಿ ಬಿಟ್ಟು ಹೋಗಿದ್ದ ಒಂದಷ್ಟು ಹಳೇ ಪತ್ರಗಳನ್ನು ಅಪ್ಪ ಅಮ್ಮನೇ ಸುಟ್ಟು ಹಾಕಿದರು. ಗೊತ್ತಾದಾಗ ಅವಳು ಅಪ್ಪನಿಗೆ ಬರೆದ ಉತ್ತರ ಚುರುಕಾಗಿದೆ: ಸಾಮಾನು ಜಾಸ್ತಿಯಾಗುತ್ತದೆ ಅಂತ ಬಿಟ್ಟು ಹೋದದ್ದೇ ಹೊರತು ಮುಚ್ಚಿಡುವ ಸಂಗತಿ ಅಂತಲ್ಲ, ಇನ್ನು ಮುದುಕಿಯಾದಾಗ ಹಳೇ ಪ್ರೇಮಪತ್ರ ಓದಿಕೊಂಡು ಕೂರುವ ಸುಖವೂ ತಪ್ಪಿತು ಅನ್ನುವ ಅರ್ಥದ ಮಾತು. ಉಳಿದ ಪತ್ರಗಳನ್ನೆಲ್ಲ ಒಟ್ಟು ಮಾಡಿ 2010ರಲ್ಲಿ ಎರಡು ಸಂಪುಟವಾಗಿ ತಂದವರು ಅವಳ ತಂಗಿಯ ಮಗ, ಕಲಾವಿದ ವಿವಾನ್ ಸುಂದರಂ. ಸುಡುವವರೂ ಮನೆಯವರೇ, ಉಳಿಸುವವರೂ ಮನೆಯವರೇ. ಗಂಡಸಿನ ಪತ್ರವಾದರೆ ಸುಡಬೇಕು ಅಂತ ಅಷ್ಟು ಬೇಗ ಅನಿಸುತ್ತಿತ್ತಾ?

ಈಗ ಒಂದು ಸರಪಳಿಯ ಕತೆ ಹೇಳುತ್ತೇನೆ. ಈ ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

1969ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ತನ್ನ ವಾರ್ಷಿಕ ಪ್ರದರ್ಶನ ಮಾಡಿತು. 143 ಕಲಾವಿದರು, ಅದರಲ್ಲಿ ಹೆಂಗಸರು 8. ಮರುವರ್ಷ ಕಲಾ ವಿಮರ್ಶಕಿ ಲೂಸಿ ಲಿಪ್ಪಾರ್ಡ್ ಮತ್ತು ಅವರ ಜೊತೆಯವರು ಗಲಾಟೆ ಎಬ್ಬಿಸಿದರು. ಮ್ಯೂಸಿಯಂ ಒಳಗೆ ಅಲ್ಲಲ್ಲಿ ಮೊಟ್ಟೆ ಇಟ್ಟು ಬಂದರು. ಕೆಲವು ಬೇಯಿಸಿದ್ದು, ಕೆಲವು ಹಸಿ. (ಯಾವುದು ಯಾವುದು ಅಂತ ಎತ್ತಿ ನೋಡಿದವರಿಗೇ ಗೊತ್ತು.) ಅರ್ಧದಷ್ಟು ಜಾಗ ನಮಗೆ ಬೇಕು ಅಂತ ಕೇಳಿದರು. ಆಗೆಲ್ಲ ಮ್ಯೂಸಿಯಂನವರ ಉತ್ತರ ಒಂದೇ: ಒಳ್ಳೆಯ ಕಲಾವಿದೆಯರು ಎಲ್ಲಿದ್ದಾರೆ, ನಮಗೆ ಕಾಣುತ್ತಿಲ್ಲ.

ಸರಿ, ಕಾಣಿಸುತ್ತೇವೆ ಅಂತ ಇವರು ಸ್ಲೈಡ್ ಒಟ್ಟು ಮಾಡಲು ಶುರು ಮಾಡಿದರು. ಸ್ಲೈಡ್ ಅಂದರೆ ಪ್ರೊಜೆಕ್ಟರಿಗೆ ಹಾಕಿ ಗೋಡೆ ಮೇಲೆ ತೋರಿಸುವ ಆ ಪುಟಾಣಿ ಚೌಕದ ಫಿಲ್ಮು, ಹಳಬರಿಗೆ ನೆನಪಿರಬಹುದು. ಯಾವ ಕಲಾವಿದೆ ಬೇಕಾದರೂ ತನ್ನ ಚಿತ್ರದ ಸ್ಲೈಡ್ ಕೊಡಬಹುದು. ತೀರ್ಪುಗಾರರಿಲ್ಲ, ಆಯ್ಕೆ ಸಮಿತಿ ಇಲ್ಲ, ಚೆನ್ನಾಗಿದೆಯಾ ಇಲ್ಲವಾ ಅಂತ ಕೇಳುವವರಿಲ್ಲ. ಕೊಟ್ಟದ್ದನ್ನು ಹೆಸರು ಬರೆದು ಇಡುವುದು, ಅಷ್ಟೇ ಕೆಲಸ. ಒಂದು ಗ್ಯಾಲರಿ ಕಟ್ಟಬೇಕು ಅಂತ ಹೊರಟ ಕೆಲವು ಕಲಾವಿದೆಯರು ಈ ಸ್ಲೈಡುಗಳನ್ನು ನೋಡಿಯೇ ಜೊತೆಗಾರರನ್ನು ಹುಡುಕಿಕೊಂಡರು. 1972ರಲ್ಲಿ ನ್ಯೂಯಾರ್ಕಿನಲ್ಲೇ ಎ.ಐ.ಆರ್. ಗ್ಯಾಲರಿ ತೆರೆಯಿತು, 20 ಜನ ಸೇರಿ. ಹೆಂಗಸರೇ ನಡೆಸುವ ಸಹಕಾರಿ ಗ್ಯಾಲರಿ. 1979ರಲ್ಲಿ ಮುಂಬೈಯ ಕಲಾವಿದೆ ನಳಿನಿ ಮಲಾನಿ ಆ ಗ್ಯಾಲರಿಗೆ ಹೋದರು. ನಮ್ಮಲ್ಲೂ ಇಂಥದ್ದು ಯಾಕಾಗಬಾರದು ಅಂತ ಅನಿಸಿತು. ಅದು ಕೈಗೂಡಲು ವರ್ಷಗಳೇ ಬೇಕಾದವು. ಕೊನೆಗೆ 1987ರಿಂದ 89ರವರೆಗೆ ನಳಿನಿ ಮಲಾನಿ, ನೀಲಿಮಾ ಶೇಖ್, ಅರ್ಪಿತಾ ಸಿಂಗ್, ಮಾಧವಿ ಪಾರೇಖ್, ಈ ನಾಲ್ವರ 'ಥ್ರೂ ದ ಲುಕಿಂಗ್ ಗ್ಲಾಸ್' ಪ್ರದರ್ಶನ ದೇಶದ ಬೇರೆ ಬೇರೆ ಊರು ಸುತ್ತಿತು.

ಇಷ್ಟೂ ಕತೆಯ ಬುಡದಲ್ಲಿ ಇರುವುದು ಒಂದಷ್ಟು ಸ್ಲೈಡು. ಅದೂ ಯಾರೂ ಆರಿಸದೆ, ಬಂದದ್ದನ್ನೆಲ್ಲ ತುಂಬಿದ್ದು.

ಅದಕ್ಕೇ ನಾನು ಹೇಳುವುದು, ಮೊದಲು ಕೂಡಿಡಿ, ದೊಡ್ಡ ಕಲಾವಿದೆಯಾ ಸಣ್ಣವಳಾ ಅಂತ ಆಮೇಲೆ ಜಗಳ ಮಾಡೋಣ. ನಮ್ಮಲ್ಲಿ ಉಲ್ಟಾ. "ಅವರದ್ದು ಹವ್ಯಾಸ ಅಲ್ವಾ, ಅಷ್ಟೇನೂ ಸೀರಿಯಸ್ ಅಲ್ಲ" ಅಂತ ಮೊದಲೇ ತೀರ್ಪು. ಮಾಧವಿ ಪಾರೇಖ್ ಕಲಾಶಾಲೆಗೆ ಹೋದವರಲ್ಲ. ಗುಜರಾತಿನ ಹಳ್ಳಿಯಲ್ಲಿ ಚಿಕ್ಕಂದಿನಲ್ಲಿ ನೆಲದ ಮೇಲೆ ಹಾಕುತ್ತಿದ್ದ ರಂಗೋಲಿ ಅವರ ಕ್ಯಾನ್ವಾಸಿಗೆ ಬಂತು. ನಮ್ಮ ಕುಂದಾಪುರ ಕಡೆ ಸೋಣೆ ತಿಂಗಳಲ್ಲಿ ಶೇಡಿ (ಬಿಳಿ ಮಣ್ಣು) ಕಲಸಿ ಹೊಸ್ತಿಲು ಬರೆಯುವ ಹೆಣ್ಮಕ್ಕಳು ಎಷ್ಟಿಲ್ಲ? ಹಬ್ಬದ ದಿನ ಫೋಟೋ ತೆಗೆಯುತ್ತೇವೆ, ಸ್ಟೇಟಸ್ ಹಾಕುತ್ತೇವೆ. ಮಾರನೇ ದಿನ ಸ್ಟೇಟಸೂ ಇಲ್ಲ. ಬರೆದವಳ ಹೆಸರಂತೂ ಮೊದಲೇ ಹಾಕಿರಲಿಲ್ಲ.

ಉಡುಪಿ ಕಡೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು ನಿವೃತ್ತರಾದ ಒಬ್ಬರು ನನಗೆ ಪರಿಚಯ. ಇತ್ತೀಚೆಗೆ ತಮ್ಮ ಫೈಲ್ ತೋರಿಸಿದರು. ಮೊದಲ ಪ್ರದರ್ಶನದ ಆಹ್ವಾನ ಪತ್ರಿಕೆ, ಅಚ್ಚುಮೊಳೆಯಲ್ಲಿ ಹೊಡೆದದ್ದು, ಅಂಚಿಗೆ ಒರಲೆ ಹಿಡಿದಿದೆ. ಟೈಪ್ ಮಾಡಿದ ಬೆಲೆಪಟ್ಟಿ. ಫ್ರೇಮ್ ಅಂಗಡಿಯ ಬಿಲ್ಲು: ಕಟ್ಟು ಹಾಕಿಸಿದ ಖರ್ಚು ಎರಡು ಚಿತ್ರಗಳ ಬೆಲೆಗಿಂತ ಜಾಸ್ತಿ! ಪೇಪರ್ ಕಟಿಂಗಿನ ಫೋಟೋದಲ್ಲಿ ದೀಪ ಬೆಳಗಿಸುವ ಗಣ್ಯರು ಪೂರ್ತಿ ಇದ್ದಾರೆ, ಟೀಚರದ್ದು ಅರ್ಧ ಮುಖ. ಅಭಿಪ್ರಾಯದ ಪುಸ್ತಕದಲ್ಲಿ ಯಾರೋ ಒಬ್ಬರು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಾರೆ: "ಮನೆಕೆಲಸದ ನಡುವೆಯೂ ಇಷ್ಟು ಚೆನ್ನಾಗಿ ಬಿಡಿಸಿದ್ದೀರಿ, ಅಭಿನಂದನೆಗಳು." ಹೊಗಳಿಕೆಯೇ ಅದು. ಟೀಚರ್ ಅದನ್ನು ಓದಿ ನಕ್ಕರು, ನಾನೂ ನಕ್ಕೆ. ಆದರೆ ಆ ಕಾಲ ಕಲಾವಿದೆಯನ್ನು ಹೇಗೆ ನೋಡುತ್ತಿತ್ತು ಅಂತ ತಿಳಿಯಲು ಆ ಒಂದು ಸಾಲು ಸಾಕು. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಇದನ್ನು ಹೇಳುವುದಿಲ್ಲ.

ಹೆಸರಿನ ತಾಪತ್ರಯ ಅಲ್ಲೇ ಕಂಡಿತು. ಮೊದಲ ಆಹ್ವಾನದಲ್ಲಿ ಕುಮಾರಿ, ಅಪ್ಪನ ಮನೆಯ ಇನಿಶಿಯಲ್. ಮುಂದಿನದರಲ್ಲಿ ಶ್ರೀಮತಿ, ಗಂಡನ ಸರ್‌ನೇಮ್. ಚಿತ್ರದ ಮೂಲೆಯ ಸಹಿಯಲ್ಲಿ ಬರೀ ಹೆಸರು, ಅದೂ ಇಂಗ್ಲಿಷಿನಲ್ಲಿ. ಮುಂದೆ ಯಾರಾದರೂ ಹುಡುಕಿದರೆ ಇವರು ಮೂರು ಜನ ಅಂದುಕೊಳ್ಳುತ್ತಾರೆ. ಗಂಡಸು ಕಲಾವಿದನಿಗೆ ಈ ಪಜೀತಿ ಇಲ್ಲ.

"ಕಲೆಯಲ್ಲಿ ಗಂಡು ಹೆಣ್ಣು ಅಂತ ಉಂಟಾ? ಯಾಕೆ ಬೇರೆ ಮಾಡ್ತೀರಿ?" ಅಂತ ಕೇಳುವವರಿದ್ದಾರೆ. ಕೆಲವು ಕಲಾವಿದೆಯರೇ ಕೇಳುತ್ತಾರೆ, ಅವರಿಗೆ ಆ ಹಣೆಪಟ್ಟಿ ಇಷ್ಟವಿಲ್ಲ. ಒಪ್ಪಿದೆ, ಹಣೆಪಟ್ಟಿ ಬೇಡ. ಕಾಗದ ಇಡಿ. ಬೇರೆ ಮಾಡಿದ್ದು ನಾವಲ್ಲ ಅಂತ ತೋರಿಸಲಿಕ್ಕಾದರೂ ಲೆಕ್ಕ ಬೇಕಲ್ಲ. 143ರಲ್ಲಿ 8 ಅಂತ ಅವತ್ತು ಎಣಿಸಿ ಹೇಳಲು ಆದದ್ದು ಪಟ್ಟಿ ಕೈಯಲ್ಲಿದ್ದುದರಿಂದ. ನಮ್ಮೂರಿನ ಒಂದು ಸಂಸ್ಥೆಯಲ್ಲಿ ಹಳೇ ಪ್ರದರ್ಶನಗಳ ರಿಜಿಸ್ಟರ್ ಕೇಳಿದ್ದೆ. ಪೇಂಟ್ ಹೊಡೆಸುವಾಗ ರೂಮು ಖಾಲಿ ಮಾಡಿದೆವು, ಗುಜರಿಯವರು ಬಂದು ತೂಕ ಮಾಡಿ ತಗೊಂಡು ಹೋದರು ಅಂದರು. ಅದರಲ್ಲಿ ಗಂಡಸರ ಹೆಸರೂ ಹೋಯಿತು ನಿಜ. ಅವರದ್ದು ಬೇರೆ ನಾಲ್ಕು ಕಡೆ ಸಿಗುತ್ತದೆ.

ಇದಕ್ಕೆ ಕೋಟಿ ಕೋಟಿ ಬೇಡ. ಮುಂಬೈಯಲ್ಲಿ 'ಸ್ಪ್ಯಾರೋ' ಅಂತ ಇದೆ. ತಮಿಳು ಲೇಖಕಿ ಅಂಬೈ, ಅಂದರೆ ಸಿ.ಎಸ್. ಲಕ್ಷ್ಮಿ, ನೀರಾ ದೇಸಾಯಿ ಮತ್ತು ಮೈತ್ರೇಯಿ ಕೃಷ್ಣರಾಜ್ ಜೊತೆ ಸೇರಿ 1988ರಲ್ಲಿ ಶುರು ಮಾಡಿದ್ದು. ಹೆಂಗಸರ ಮಾತಿನ ರೆಕಾರ್ಡಿಂಗು, ಫೋಟೋ, ಪೋಸ್ಟರು ಎಲ್ಲ ಕೂಡಿಡುತ್ತಾ ಬಂದಿದ್ದಾರೆ. ನಮ್ಮ ಹತ್ತಿರವೂ ಜಾಗ ಇಲ್ಲ ಅಂತಿಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರ ಇದೆ. ಬಿ.ಸಿ. ರೋಡಿನ ತುಳು ಬದುಕು ಮ್ಯೂಸಿಯಂನಲ್ಲಿ ಮನೆಮನೆಯ ಹಳೇ ಸಾಮಾನು ಒಟ್ಟು ಮಾಡಿ ಇಟ್ಟಿದ್ದಾರೆ. ಮೊಗೆ, ಕಳಸೆ, ಸೇರಿಗೆ ಸಿಕ್ಕಿದ ಮರ್ಯಾದೆ ಒಬ್ಬ ಕಲಾವಿದೆಯ ಫೈಲಿಗೂ ಸಿಗಬೇಕು. ಇಂಥ ಯಾವುದಾದರೂ ಕಡೆ ಒಂದು ಕಪಾಟು ಕೇಳಿ ನೋಡಬೇಕು ಅಂತ ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಕಪಾಟು ಕೇಳುವ ಮೊದಲು ಅದರಲ್ಲಿ ಇಡಲಿಕ್ಕೆ ಏನಿದೆ ಅಂತ ಗೊತ್ತಾಗಬೇಕು.

ಆದ್ದರಿಂದ ಈ ಪೋಸ್ಟು. ಅಮ್ಮನೋ, ದೊಡ್ಡಮ್ಮನೋ, ಅತ್ತೆಯೋ, ನಿಮಗೆ ಕಲಿಸಿದ ಟೀಚರೋ ಚಿತ್ರ ಬಿಡಿಸುತ್ತಿದ್ದರೆ ಅವರ ಹಳೇ ಕಾಗದ ಒಮ್ಮೆ ತೆಗೆದು ನೋಡಿ. ಮಳೆ ಹಿಡಿಯುವ ಮೊದಲು ನೋಡಿದರೆ ಒಳ್ಳೆಯದು, ನಮ್ಮ ಸೆಕೆ ಮತ್ತು ತೇವಕ್ಕೆ ಬೂಷ್ಟು ಹಿಡಿಯಲು ಒಂದು ಆಟಿ ತಿಂಗಳ ಮಳೆ ಸಾಕು. ಅಂಟುವ ಹಾಳೆಯ ಆಲ್ಬಂನಲ್ಲಿ ಫೋಟೋ ಇದ್ದರೆ ಎಳೆದು ಕೀಳಬೇಡಿ, ಬಣ್ಣವೇ ಎದ್ದು ಬರುತ್ತದೆ. ಹಾಗೇ ಇಟ್ಟು ಮೊಬೈಲಿನಲ್ಲಿ ತೆಗೆಯಿರಿ. ಫೋಟೋದ ಹಿಂದೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆಯಬೇಡಿ, ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ: ಯಾರು, ಯಾವ ಊರು, ಯಾವ ಇಸವಿ, ಮದುವೆಗೆ ಮೊದಲಿನ ಹೆಸರೇನು. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಸುಮ್ನೆ ಫೋಟೋ ಕಳಿಸಿದರೆ ಅಕ್ಷರ ಮಸುಕಾಗುತ್ತದೆ. ಚಿತ್ರ ಚೆನ್ನಾಗಿದೆಯಾ ಅಂತ ನನ್ನನ್ನು ಕೇಳಬೇಡಿ, ನಾನು ಹೇಳುವುದಿಲ್ಲ. ಬೆಲೆಪಟ್ಟಿ ಇದ್ದರೆ ಮಾತ್ರ ಮೊದಲು ಅದನ್ನೇ ಕಳಿಸಿ.